ಮುರಿದ ಸ್ನೇಹವೊಂದು ಮತ್ತೆ ಕೂಡಿದ ಕಥೆ: ಆಡಮ್ಸ್ ಮತ್ತು ಜೆಫರ್ಸನ್

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ನಾನು ಎಷ್ಟು ತರಗತಿಗಳಿಗೆ ಮಾಡಿದೆನೋ ಲೆಕ್ಕವಿಟ್ಟವನಲ್ಲ. ಬಾಸ್ಟನ್ನಿನ ಚಹಾ ಪ್ರಕರಣ, 1776ರ ಜುಲೈ 4, ಯಾರ್ಕ್‌ಟೌನಿನ ಶರಣಾಗತಿ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಮರುದಿನ ಫ್ರಾನ್ಸಿನ ಕ್ರಾಂತಿ ಕಾದಿರುತ್ತಿತ್ತು. ಸ್ವಾತಂತ್ರ್ಯ ಘೋಷಣೆಯನ್ನು ಬರೆದವರಾರೆಂದು ಕೇಳಿದರೆ ಥಾಮಸ್ ಜೆಫರ್ಸನ್ ಎಂದು ನೀವೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದಿರಿ. ಆ ಜೆಫರ್ಸನ್‌ಗೆ ಜಾನ್ ಆಡಮ್ಸ್ ಎಂಬ ಗೆಳೆಯನಿದ್ದನೆಂದೂ, ಅವರಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರೆಂದೂ, ಆ ಸ್ನೇಹವನ್ನು ಉಳಿಸಲು ಮೂರು ನಾಲ್ಕು ಪ್ರಯತ್ನಗಳು ನಡೆದು ಕೊನೆಯದೊಂದು ಮಾತ್ರ ಫಲಿಸಿತೆಂದೂ ಪಠ್ಯದಲ್ಲಿರಲಿಲ್ಲ. ಈಗ ನನಗೆ ಗಂಟೆ ಬಾರಿಸುವವರಿಲ್ಲವಾದ್ದರಿಂದ ಸಾವಧಾನವಾಗಿ ಬರೆಯುತ್ತೇನೆ.

ಇಬ್ಬರೂ ಎಲ್ಲ ವಿಧದಲ್ಲಿಯೂ ಬೇರೆ ಬೇರೆ. ಆಡಮ್ಸ್ 1735ರಲ್ಲಿ ಮ್ಯಾಸಚುಸೆಟ್ಸ್‌ನ ಸಾಧಾರಣ ರೈತನ ಮಗನಾಗಿ ಹುಟ್ಟಿದವನು, ವಕೀಲ, ಕುಳ್ಳು, ದಢೂತಿ ದೇಹ, ಮನಸ್ಸಿಗೆ ಬಂದುದನ್ನು ತಡೆಯಲಾರದ ಬಾಯಿ, ಮೂಗಿನ ತುದಿಯಲ್ಲಿ ಕೋಪ. ಜೆಫರ್ಸನ್ 1743ರಲ್ಲಿ ವರ್ಜೀನಿಯದ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದವನು, ನೀಳಕಾಯ, ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ, ಲೇಖನಿ ಹಿಡಿದರೆ ಸರಿಸಾಟಿಯಿಲ್ಲ. 1775ರಲ್ಲಿ ಫಿಲಡೆಲ್ಫಿಯಾದ ಮಹಾಸಭೆಯಲ್ಲಿ ಇವರ ಪರಿಚಯವಾಯಿತು. ಮರುವರ್ಷ ಘೋಷಣೆಯನ್ನು ಸಿದ್ಧಪಡಿಸಲು ನೇಮಿಸಿದ ಐವರ ಸಮಿತಿಯಲ್ಲಿ ಇಬ್ಬರೂ ಇದ್ದರು. ಕರಡನ್ನು ಯಾರು ಬರೆಯಬೇಕೆಂದು ನಿರ್ಧಾರವಾದ ಬಗೆಯನ್ನು ಮುಪ್ಪಿನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ನೆನೆದಿದ್ದಾರೆ. ಜೆಫರ್ಸನ್ ನನಗೆ ಹೇಳಿದ, ನಾನು ಅವನಿಗೇ ಒಪ್ಪಿಸಿದೆ, ಅವನು ನನಗಿಂತ ಹತ್ತು ಪಾಲು ಚೆನ್ನಾಗಿ ಬರೆಯಬಲ್ಲನೆಂದು ಕಾರಣ ಕೊಟ್ಟೆ ಎಂದು ಆಡಮ್ಸ್. ಹಾಗೇನೂ ನಡೆಯಲಿಲ್ಲ, ಸಮಿತಿಯೇ ನೇರವಾಗಿ ನನಗೆ ವಹಿಸಿತು ಎಂದು ಜೆಫರ್ಸನ್. ಬರೆದವನು ಜೆಫರ್ಸನ್ನೇ ಆದರೂ ಸಭೆಯಲ್ಲಿ ಅದರ ಪರವಾಗಿ ನಿಂತು ಹೋರಾಡಿದವನು ಆಡಮ್ಸ್. ಆ ಋಣವನ್ನು ಜೆಫರ್ಸನ್ ಕೊನೆಯವರೆಗೂ ಮರೆಯಲಿಲ್ಲ.

ಸ್ನೇಹ ಗಾಢವಾದದ್ದು ಯೂರೋಪಿನಲ್ಲಿ. 1782ರಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಜೆಫರ್ಸನ್ 1784ರಲ್ಲಿ ರಾಯಭಾರದ ಕೆಲಸಕ್ಕಾಗಿ ಪ್ಯಾರಿಸಿಗೆ ಬಂದಾಗ ಆಡಮ್ಸ್ ದಂಪತಿಗಳು ಅಲ್ಲಿದ್ದರು. ಆಡಮ್ಸ್‌ನ ಪತ್ನಿ ಅಬಿಗೇಲ್ ಶಾಲೆಯ ಮೆಟ್ಟಿಲು ಹತ್ತದಿದ್ದರೂ ಅಪಾರವಾಗಿ ಓದಿಕೊಂಡ, ಖಡಾಖಂಡಿತವಾಗಿ ಮಾತನಾಡುವ ಹೆಂಗಸು. ಮರುವರ್ಷ ಆಡಮ್ಸ್ ಲಂಡನ್ನಿಗೆ ವರ್ಗವಾದ ಮೇಲೆ ಆಕೆ ಪ್ಯಾರಿಸಿನಿಂದ ಪಾದರಕ್ಷೆ ತರಿಸಿಕೊಳ್ಳುವುದು, ಅವನಿಗೆ ಲಂಡನ್ನಿನಿಂದ ಮೇಜುವಸ್ತ್ರ ಕಳಿಸುವುದು ನಡೆದೇ ಇತ್ತು. 1786ರ ವಸಂತದಲ್ಲಿ ಗೆಳೆಯರಿಬ್ಬರೂ ಇಂಗ್ಲೆಂಡಿನ ಉದ್ಯಾನಗಳನ್ನು ನೋಡುತ್ತ ಸುತ್ತಿದರು. ಶೇಕ್ಸ್‌ಪಿಯರನ ಮನೆಯಲ್ಲಿ ಅವನು ಕುಳಿತಿದ್ದನೆಂದು ತೋರಿಸಿದ ಹಳೆಯ ಕುರ್ಚಿಯಿಂದ, ಬಂದವರೆಲ್ಲ ಮಾಡುವಂತೆ, ತಾವೂ ಒಂದು ಚಕ್ಕೆ ಕೆತ್ತಿಕೊಂಡರೆಂದು ಆಡಮ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ರಾಷ್ಟ್ರಾಧ್ಯಕ್ಷರಾಗುವ ಇಬ್ಬರು ಕುರ್ಚಿ ಕೆತ್ತುತ್ತಿರುವ ಈ ದೃಶ್ಯ ನನಗೆ ಬಹಳ ಪ್ರಿಯ.

1787ರಲ್ಲಿ ಜೆಫರ್ಸನ್‌ನ ಎಂಟು ವರ್ಷದ ಮಗಳು ಪಾಲಿ ಅಟ್ಲಾಂಟಿಕ್ ದಾಟಿ ಬಂದವಳು ಮೊದಲು ಇಳಿದದ್ದು ಲಂಡನ್ನಿನಲ್ಲಿ, ಅಬಿಗೇಲಳ ಮಡಿಲಿಗೆ. ಕೆಲವೇ ದಿನಗಳಲ್ಲಿ ಮಗು ಆಕೆಯನ್ನು ಎಷ್ಟು ಹಚ್ಚಿಕೊಂಡಿತೆಂದರೆ, ಜೆಫರ್ಸನ್ ತಾನು ಬಾರದೆ ಆಳನ್ನು ಕಳಿಸಿದಾಗ ಹೊರಡಲೊಲ್ಲದೆ ಅತ್ತಿತು. ಅಬಿಗೇಲ್ ಈ ಬಗ್ಗೆ ಜೆಫರ್ಸನ್‌ಗೆ ಪತ್ರದಲ್ಲಿ ತನ್ನ ಬೇಸರವನ್ನು ಮುಚ್ಚಿಡಲಿಲ್ಲ. ಈ ಮಗುವನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ದೂರವಾದ ಬಗೆ. ಇಂಥ ಸ್ನೇಹಗಳು ಒಂದೇ ಏಟಿಗೆ ಮುರಿಯುವುದಿಲ್ಲ. 1791ರಲ್ಲಿ ಥಾಮಸ್ ಪೇನ್‌ನ ಪುಸ್ತಕವೊಂದನ್ನು ಮುದ್ರಕನಿಗೆ ಕಳಿಸುವಾಗ ಜೆಫರ್ಸನ್ ನಾಲ್ಕು ಸಾಲಿನ ಚೀಟಿ ಬರೆದ. ಆಡಮ್ಸ್‌ನ ಬರಹಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದರಲ್ಲೊಂದು ಚುಚ್ಚುಮಾತು ಸೇರಿಸಿದ. ಮುದ್ರಕ ಅದನ್ನೇ ಮುನ್ನುಡಿಯಾಗಿ ಅಚ್ಚುಹಾಕಿಬಿಟ್ಟ. ಜೆಫರ್ಸನ್ ವಿವರಣೆ ಬರೆದ, ಆಡಮ್ಸ್ ಒಪ್ಪಿಕೊಂಡ. ಮೇಲುನೋಟಕ್ಕೆ ಎಲ್ಲ ಸರಿಹೋಯಿತು. ಅಷ್ಟರಲ್ಲಿ ದೇಶದಲ್ಲಿ ಎರಡು ಪಕ್ಷಗಳು ಹುಟ್ಟಿದ್ದವು. 1796ರ ಚುನಾವಣೆಯಲ್ಲಿ ಗೆಳೆಯರೇ ಎದುರಾಳಿಗಳಾದರು. ಆಡಮ್ಸ್‌ಗೆ 71 ಮತ, ಜೆಫರ್ಸನ್‌ಗೆ 68. ಅಂದಿನ ನಿಯಮದಂತೆ ಎರಡನೆಯವನು ಉಪಾಧ್ಯಕ್ಷ.

ಇಲ್ಲಿ ನಡೆದ ಒಂದು ಸಣ್ಣ ಘಟನೆ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದೆ. 1796ರ ಡಿಸೆಂಬರ್ 28ರಂದು ಜೆಫರ್ಸನ್ ಆಡಮ್ಸ್‌ಗೆ ಒಂದು ಆತ್ಮೀಯ ಪತ್ರ ಬರೆದ. ನೀನು ಗೆದ್ದದ್ದರಿಂದ ನನಗೆ ವ್ಯಸನವಿಲ್ಲ, ನಮ್ಮಿಬ್ಬರ ನಡುವೆ ಹುಳಿ ಹಿಂಡುವವರು ಇದ್ದಾರೆ, ಅವರ ಮಾತಿಗೆ ಕಿವಿಗೊಡಬೇಡ ಎಂಬುದು ಅದರ ತಾತ್ಪರ್ಯ. ಆದರೆ ನೇರವಾಗಿ ಕಳಿಸಲಿಲ್ಲ. ತನ್ನ ಆಪ್ತ ಜೇಮ್ಸ್ ಮ್ಯಾಡಿಸನ್‌ಗೆ ಕೊಟ್ಟು, ಸರಿಯೆನಿಸಿದರೆ ಮುಟ್ಟಿಸು ಎಂದ. ಮ್ಯಾಡಿಸನ್ ಚಾಣಾಕ್ಷ. ನಿನ್ನ ಸದ್ಭಾವನೆ ಆಡಮ್ಸ್‌ಗೆ ಈಗಾಗಲೇ ಬೇರೆಯವರ ಮೂಲಕ ತಿಳಿದಿದೆ. ನಿನಗಾಗಿ ದುಡಿದ ನಮ್ಮವರು ನೊಂದುಕೊಂಡಾರು. ನಾಳೆ ಅವನನ್ನು ವಿರೋಧಿಸಬೇಕಾಗಿ ಬಂದರೆ ಹೀಗೆ ಬರೆದುಕೊಟ್ಟ ಪ್ರಶಂಸೆ ಮುಜುಗರವಾದೀತು ಎಂದು ಕಾರಣಗಳನ್ನು ಒಂದೊಂದಾಗಿ ಜೋಡಿಸಿ ಪತ್ರವನ್ನು ತಡೆದ. ಒಂದೊಂದು ಕಾರಣವೂ ರಾಜಕೀಯವಾಗಿ ಸರಿಯೇ. ಆದರೆ ಆ ಪತ್ರ ಆಡಮ್ಸ್‌ನ ಕೈಸೇರಲಿಲ್ಲ.

1797ರ ಮಾರ್ಚ್ 6ರಂದು ವಾಷಿಂಗ್ಟನ್‌ನ ಮನೆಯಲ್ಲಿ ಊಟ ಮುಗಿಸಿ ಇಬ್ಬರೂ ಜೊತೆಯಾಗಿ ನಡೆದು ಬರುತ್ತಿದ್ದರು. ಫ್ರಾನ್ಸಿನ ಸಂಧಾನಕ್ಕೆ ಮ್ಯಾಡಿಸನ್‌ನನ್ನು ಕಳಿಸುವ ವಿಚಾರವನ್ನು ಆಡಮ್ಸ್ ಕೆಲವು ದಿನಗಳ ಹಿಂದೆ ತಾನೇ ಎತ್ತಿದ್ದ. ಈಗ ಅದು ಆಗದೆಂದು ತಡವರಿಸುತ್ತ ಹೇಳಿದ. ಬೀದಿ ಕವಲೊಡೆಯುವಲ್ಲಿ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಆಮೇಲೆ ಸರಕಾರದ ಯಾವ ವಿಷಯದಲ್ಲಿಯೂ ಆಡಮ್ಸ್ ತನ್ನನ್ನು ಕೇಳಲಿಲ್ಲವೆಂದು ಜೆಫರ್ಸನ್ ಬರೆದಿದ್ದಾನೆ.

ಮುಂದಿನ ನಾಲ್ಕು ವರ್ಷಗಳು ಕಹಿಯಾದವು. 1798ರಲ್ಲಿ ಆಡಮ್ಸ್ ಸರಕಾರವನ್ನು ಟೀಕಿಸಿದ ಪತ್ರಕರ್ತರನ್ನು ಸೆರೆಗೆ ತಳ್ಳುವ ರಾಜದ್ರೋಹದ ಕಾನೂನಿಗೆ ಸಹಿ ಹಾಕಿದ. ಅತ್ತ ಜೆಫರ್ಸನ್, ಆಡಮ್ಸ್‌ನನ್ನು ಹೀನಾಯವಾಗಿ ಬಯ್ಯುತ್ತಿದ್ದ ಜೇಮ್ಸ್ ಕ್ಯಾಲೆಂಡರ್ ಎಂಬ ಬರಹಗಾರನಿಗೆ ಗುಟ್ಟಾಗಿ ಹಣ ಕೊಟ್ಟ. ತಪ್ಪು ಇಬ್ಬರ ಕಡೆಯಲ್ಲಿಯೂ ಇತ್ತು, ಸಣ್ಣದೂ ಆಗಿರಲಿಲ್ಲ. 1800ರ ಚುನಾವಣೆಯಲ್ಲಿ ಆಡಮ್ಸ್ ಸೋತ. 1801ರ ಮಾರ್ಚ್ 4ರಂದು ಜೆಫರ್ಸನ್‌ನ ಪ್ರಮಾಣವಚನಕ್ಕೆ ನಿಲ್ಲದೆ, ಬೆಳಗಿನ ಜಾವ ನಾಲ್ಕು ಗಂಟೆಗೇ ರಾಜಧಾನಿ ಬಿಟ್ಟು ಊರಿನ ಬಂಡಿ ಹತ್ತಿದ. ಇದನ್ನು ಸೋಲಿನ ಸಿಡುಕೆಂದು ಅನೇಕರು ಬರೆದಿದ್ದಾರೆ. ಹಿಂದಿನ ನವೆಂಬರಿನಲ್ಲಷ್ಟೇ ಅವನ ಎರಡನೆಯ ಮಗ ಚಾರ್ಲ್ಸ್ ಕುಡಿತದಿಂದ ಹಾಳಾಗಿ ತೀರಿಕೊಂಡಿದ್ದನೆಂಬುದನ್ನೂ ಜೊತೆಗಿಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ. ಆ ತಿಂಗಳ ಕೊನೆಯಲ್ಲಿ ಆಡಮ್ಸ್ ಬರೆದ ಒಂದು ಚಿಕ್ಕ ಪತ್ರದಲ್ಲಿ ಮಗನ ಸಾವಿನ ಪ್ರಸ್ತಾಪವಿದೆ. ಆಮೇಲೆ ಅವರಿಬ್ಬರ ನಡುವೆ ಪತ್ರವೇ ನಿಂತಿತು.

ನಮ್ಮ ಕಡೆ ಮಾತು ಬಿಟ್ಟ ದಾಯಾದಿಗಳು ಮದುವೆಗೆ ಬಾರದಿದ್ದರೂ ಸಾವಿಗೆ ಬರುವ ರೂಢಿಯುಂಟು. ಹಿಸ್ಸೆಯ ಜಗಳದಲ್ಲಿ ವರ್ಷಗಟ್ಟಲೆ ಮುಖ ನೋಡದವರು ಹೆಣದ ಮುಂದೆ ಬಂದು ನಿಂತದ್ದನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಕೆಲವೊಮ್ಮೆ ಅಲ್ಲಿಂದ ಮಾತು ಚಿಗುರುತ್ತದೆ, ಕೆಲವೊಮ್ಮೆ ಹನ್ನೊಂದನೆಯ ದಿನಕ್ಕೆ ಹಳೆಯ ಲೆಕ್ಕವೇ ಹೊರಬರುತ್ತದೆ. 1804ರ ಏಪ್ರಿಲ್ 17ರಂದು ಜೆಫರ್ಸನ್‌ನ ಮಗಳು ಪಾಲಿ ಇಪ್ಪತ್ತೈದರ ಪ್ರಾಯದಲ್ಲಿ ತೀರಿಕೊಂಡಳು. ಲಂಡನ್ನಿನಲ್ಲಿ ತನ್ನನ್ನು ತಬ್ಬಿ ಅತ್ತ ಮಗುವನ್ನು ನೆನೆದು ಅಬಿಗೇಲ್ ತಡೆದುಕೊಳ್ಳಲಾರದೆ ಮೇ 20ರಂದು, ಗಂಡನಿಗೆ ತಿಳಿಸದೆ, ಜೆಫರ್ಸನ್‌ಗೆ ಸಾಂತ್ವನದ ಪತ್ರ ಬರೆದಳು.

ಜೆಫರ್ಸನ್ ಇದನ್ನು ತೆರೆದ ಬಾಗಿಲೆಂದು ಭಾವಿಸಿದ. ಕೃತಜ್ಞತೆ ಹೇಳಿದ, ಹಳೆಯ ಸ್ನೇಹವನ್ನು ನೆನೆದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಆಡಮ್ಸ್‌ನ ಒಂದೇ ಒಂದು ಕೃತ್ಯ ಮಾತ್ರ ವೈಯಕ್ತಿಕವಾಗಿ ತನ್ನ ಮನಸ್ಸನ್ನು ನೋಯಿಸಿತು, ಅಧಿಕಾರದ ಕೊನೆಯ ದಿನಗಳಲ್ಲಿ ತನ್ನ ವಿರೋಧಿಗಳನ್ನು ನ್ಯಾಯಾಧೀಶ ಮುಂತಾದ ಹುದ್ದೆಗಳಲ್ಲಿ ತುಂಬಿಹೋದದ್ದು, ಅದನ್ನೂ ಕ್ಷಮಿಸಿದ್ದೇನೆ ಎಂದು ಸೇರಿಸಿದ. ಕ್ಷಮಿಸಿದ್ದೇನೆಂಬ ಮಾತು ಕೆಲವೊಮ್ಮೆ ಆರೋಪಕ್ಕಿಂತ ಹರಿತ. ಅಬಿಗೇಲ್ ಬಿಡುವವಳೇ? ಕ್ಯಾಲೆಂಡರನಿಗೆ ಕೊಟ್ಟ ಹಣವನ್ನು ಎತ್ತಿದಳು. ತನ್ನ ಮಗ ಜಾನ್ ಕ್ವಿನ್ಸಿಯನ್ನು ಸಣ್ಣ ಹುದ್ದೆಯೊಂದರಿಂದ ತೆಗೆದದ್ದನ್ನು ಎತ್ತಿದಳು. ಅವನು ಸಮಜಾಯಿಷಿ ಕೊಟ್ಟ, ಅವಳು ಒಪ್ಪಲಿಲ್ಲ. ಅವಳವು ನಾಲ್ಕು, ಅವನವು ಮೂರು, ಒಟ್ಟು ಏಳು ಪತ್ರಗಳಾಗಿ ಅಕ್ಟೋಬರಿನಲ್ಲಿ ಅವಳೇ ನಿಲ್ಲಿಸಿದಳು. ನವೆಂಬರಿನಲ್ಲಿ ಗಂಡನಿಗೆ ಎಲ್ಲವನ್ನೂ ಓದಲು ಕೊಟ್ಟಳು. ಇದೆಲ್ಲ ನನ್ನ ಅರಿವಿಗೆ ಬಾರದೆ ನಡೆಯಿತು, ಈಗ ಓದಿದ್ದೇನೆ, ಸದ್ಯಕ್ಕೆ ಹೇಳುವುದೇನೂ ಇಲ್ಲ ಎಂದು ಕೆಳಗೆ ಷರಾ ಬರೆದು ಆಡಮ್ಸ್ ಸುಮ್ಮನಾದ. ಮುಂಗೋಪಿಯೆಂದು ಹೆಸರಾದವನು ಅಂದು ಕೋಪವನ್ನು ಬರೆಯಲಿಲ್ಲ.

ಇನ್ನು ಬರುವವನು ಈ ಕಥೆಯ ನಿಜವಾದ ನಾಯಕನೆಂದು ನಾನು ತಿಳಿದಿರುವವನು: ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ, ಇಬ್ಬರಿಗೂ ಬೇಕಾದವನು. 1809ರಲ್ಲಿ ಜೆಫರ್ಸನ್ ಅಧಿಕಾರದಿಂದ ಇಳಿದು ಮಾಂಟಿಸೆಲ್ಲೊಗೆ ಮರಳಿದ್ದ. ಆಡಮ್ಸ್ ಕ್ವಿನ್ಸಿಯ ಹೊಲದಲ್ಲಿದ್ದ. ಆ ಅಕ್ಟೋಬರಿನಲ್ಲಿ ರಶ್ ಆಡಮ್ಸ್‌ಗೆ ತಾನು ಕಂಡ ಕನಸೊಂದನ್ನು ಬರೆದು ಕಳಿಸಿದ. ಕನಸಿನಲ್ಲಿ ಅವನ ಮಗ ಅಮೆರಿಕದ ಇತಿಹಾಸದ ಪುಸ್ತಕವೊಂದನ್ನು ಓದುತ್ತಿದ್ದನಂತೆ. 1809ರಲ್ಲಿ ಮಾಜಿ ಅಧ್ಯಕ್ಷರಿಬ್ಬರ ಸ್ನೇಹ ಮತ್ತೆ ಕುದುರಿತೆಂದೂ, ಮೊದಲು ಬರೆದವನು ಆಡಮ್ಸ್ ಎಂದೂ, ಅವರ ಪತ್ರಗಳು ಲೋಕಕ್ಕೆ ಉಪಕಾರವಾದವೆಂದೂ, ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮಣ್ಣು ಸೇರಿದರೆಂದೂ ಅದರಲ್ಲಿತ್ತಂತೆ. ಕನಸು ನಿಜವಾಗಿ ಬಿದ್ದದ್ದೋ ಹೆಣೆದದ್ದೋ ಓದುಗರೇ ಊಹಿಸಲಿ. ಆಡಮ್ಸ್ ನಕ್ಕು, ಇದು ಇತಿಹಾಸವಲ್ಲ, ಭವಿಷ್ಯವಾಣಿಯಾದರೂ ಆದೀತು ಎಂದು ಉತ್ತರಿಸಿದ. ಆದರೆ ಜೆಫರ್ಸನ್‌ಗೆ ಬರೆಯಲಿಲ್ಲ.

ರಶ್ ಅವಸರ ಮಾಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, 1811ರ ಜನವರಿಯಲ್ಲಿ ಜೆಫರ್ಸನ್‌ನ ಕಡೆಯಿಂದ ಯತ್ನಿಸಿದ. ಜೆಫರ್ಸನ್ ಅಬಿಗೇಲಳೊಡನೆ ನಡೆದ ಪತ್ರವ್ಯವಹಾರವನ್ನೇ ಕಳಿಸಿ, ನಾನು ಪ್ರಯತ್ನಿಸಲಿಲ್ಲವೇ ನೋಡು ಎಂಬಂತೆ ಉತ್ತರಿಸಿದ. ಅದೂ ಅಲ್ಲಿಗೇ ನಿಂತಿತು. ಆ ಬೇಸಿಗೆಯಲ್ಲಿ ಜೆಫರ್ಸನ್‌ನ ನೆರೆಹೊರೆಯ ಕೋಲ್ಸ್ ಸೋದರರು ಉತ್ತರದ ಕಡೆ ಪ್ರವಾಸ ಹೋದವರು ಕ್ವಿನ್ಸಿಯಲ್ಲಿ ಆಡಮ್ಸ್‌ನನ್ನು ಕಂಡರು. ಹಳೆಯ ದೂರುಗಳನ್ನೆಲ್ಲ ಹೇಳಿಕೊಂಡ ಆಡಮ್ಸ್ ಮಾತಿನ ನಡುವೆ, ಜೆಫರ್ಸನ್ ಮೇಲೆ ತನಗೆ ಯಾವಾಗಲೂ ಪ್ರೀತಿಯೇ, ಈಗಲೂ ಅದೇ ಪ್ರೀತಿ ಎಂದುಬಿಟ್ಟ. ಈ ಮಾತು ಮಾಂಟಿಸೆಲ್ಲೊ ತಲುಪಿತು. ತನಗೆ ಇಷ್ಟೇ ಸಾಕೆಂದು ಜೆಫರ್ಸನ್ ಡಿಸೆಂಬರ್ 5ರಂದು ರಶ್‌ಗೆ ಬರೆದ. ಆದರೆ ಅದೇ ಪತ್ರದಲ್ಲಿ, ಈ ಕೂಡಿಕೆಯಲ್ಲಿ ಅಬಿಗೇಲ್ ಸೇರಿಲ್ಲವೆಂದೂ ಸ್ಪಷ್ಟಪಡಿಸಿದ. 1804ರ ಗಾಯ ಅಷ್ಟು ಹಸಿಯಾಗಿತ್ತು. ರಶ್ ಆ ಪತ್ರದ ಹಿತವಾದ ಭಾಗಗಳನ್ನಷ್ಟೇ ಆಯ್ದು ಆಡಮ್ಸ್‌ಗೆ ಕಳಿಸಿದ. ಸಂಧಾನಕಾರನಿಗೆ ಇಷ್ಟು ಜಾಣ್ಮೆ ಬೇಕೇ ಬೇಕು. ಆಡಿದ್ದನ್ನೆಲ್ಲ ಅತ್ತಿತ್ತ ಸಾಗಿಸುವವನು ಚಾಡಿಕೋರನಾಗುತ್ತಾನೆಯೇ ಹೊರತು ಸಂಧಾನಕಾರನಾಗುವುದಿಲ್ಲ.

ಆಡಮ್ಸ್ ಕ್ರಿಸ್ಮಸ್ ದಿನ ರಶ್‌ಗೆ ತಮಾಷೆಯ ಉತ್ತರ ಬರೆದ. ನಮ್ಮಿಬ್ಬರ ಭೇದವೇನು ಮಹಾ, ಅವನಿಗೆ ನೇರ ಕೂದಲು ಇಷ್ಟ, ನನಗೆ ಗುಂಗುರು ಕೂದಲೂ ಗಣರಾಜ್ಯಕ್ಕೆ ಸಲ್ಲುವಂಥದೇ ಎನಿಸಿತ್ತು, ಅಷ್ಟೇ ಎಂದ. ಬರೆಯುತ್ತೇನೆಂದು ಒಪ್ಪಿಕೊಳ್ಳಲಿಲ್ಲ. ಒಂದು ವಾರದ ನಂತರ, 1812ರ ಜನವರಿ 1ರಂದು, ತಾನೇ ಬರೆದ.

ಪುಟ್ಟ ಪತ್ರ. ಸ್ವದೇಶಿ ಕೈಗಾರಿಕೆಯಲ್ಲಿ ಆಸಕ್ತನಾದ ನಿನಗೆ ನಮ್ಮ ಕಡೆ ತಯಾರಾದ, ಮನೆಯಲ್ಲಿ ನೂತ ಎರಡು ತುಂಡು ಬಟ್ಟೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಬಾಲ್ಯದಲ್ಲಿ ನಿನ್ನ ವಿಶ್ವಾಸಕ್ಕೆ ಪಾತ್ರನಾಗಿದ್ದವನೊಬ್ಬ ತಯಾರಿಸಿದ್ದು ಎಂಬುದೇ ಸಾರ. ಪತ್ರ ಮೊದಲು ತಲುಪಿತು, ಪೊಟ್ಟಣ ಹಿಂದೆ ಉಳಿಯಿತು. ಜೆಫರ್ಸನ್ ಕಾಯದೆ ಜನವರಿ 21ರಂದು ಉತ್ತರಕ್ಕೆ ಕುಳಿತ. ವರ್ಜೀನಿಯದಲ್ಲಿ ಮನೆಮನೆಯೂ ಒಂದು ಕಾರ್ಖಾನೆ, ಒರಟು ಮತ್ತು ಮಧ್ಯಮ ಬಟ್ಟೆಯನ್ನೆಲ್ಲ ನಾವೇ ನೂತು ನೇಯುತ್ತೇವೆ ಎಂದು ನೂಲು, ಉಣ್ಣೆ, ರಾಟೆಗಳ ಬಗ್ಗೆ ಗಂಭೀರವಾಗಿ ಪ್ರಬಂಧವನ್ನೇ ಬರೆದ. ಆಮೇಲೆ ಪೊಟ್ಟಣ ಬಂತು. ಬಿಚ್ಚಿದರೆ ಅದರೊಳಗಿದ್ದುದು ಬಟ್ಟೆಯಲ್ಲ. ಜಾನ್ ಕ್ವಿನ್ಸಿ ಆಡಮ್ಸ್ ಭಾಷಣಕಲೆಯ ಕುರಿತು ನೀಡಿದ್ದ ಉಪನ್ಯಾಸಗಳ ಎರಡು ಸಂಪುಟಗಳು! ತಾನು ಹುದ್ದೆಯಿಂದ ತೆಗೆದಿದ್ದನೆಂದು ಅಬಿಗೇಲ್ ದೂರಿದ್ದಳಲ್ಲ, ಅದೇ ಮಗ. ಹಳೆಯ ದೂರನ್ನು ತಂದೆ ಎತ್ತಲೂ ಇಲ್ಲ, ಬಿಡಲೂ ಇಲ್ಲ. ಕಾಣಿಕೆ ಮಾಡಿ ಕಳಿಸಿದ್ದ. ಜೆಫರ್ಸನ್ ಎರಡೇ ದಿನಗಳಲ್ಲಿ ಮತ್ತೊಂದು ಪತ್ರ ಬರೆಯಬೇಕಾಯಿತು. ಮೊದಲನೆಯ ಪತ್ರದಲ್ಲಿ ನೂಲಿನ ಪ್ರಸಂಗ ಮುಗಿದ ಮೇಲೆ ಅವನು ಒಂದೇ ಹುಟ್ಟನ್ನು ಹಿಡಿದು ದೋಣಿ ನಡೆಸಿದ ದಿನಗಳನ್ನು ನೆನೆದಿದ್ದ. ವೃತ್ತಪತ್ರಿಕೆಗಳನ್ನು ಬಿಟ್ಟು ಟ್ಯಾಸಿಟಸ್, ಯೂಕ್ಲಿಡ್‌ರನ್ನು ಓದುತ್ತಿದ್ದೇನೆಂದೂ, ದಿನಕ್ಕಿಷ್ಟು ಹೊತ್ತು ಕುದುರೆ ಸವಾರಿ ಮಾಡುತ್ತೇನೆಂದೂ ತಿಳಿಸಿದ್ದ.

ಅಲ್ಲಿಂದ 1826ರವರೆಗೆ 158 ಪತ್ರಗಳು ಓಡಾಡಿದವು. ಆಡಮ್ಸ್‌ನವು 109, ಜೆಫರ್ಸನ್‌ನವು 49. ಆಡಮ್ಸ್ ಎಂದೂ ಇದನ್ನು ಲೆಕ್ಕ ಹಾಕಿ ಮುನಿಸಿಕೊಳ್ಳಲಿಲ್ಲ. ರಶ್ ಮಾತ್ರ 1813ರ ಏಪ್ರಿಲಿನಲ್ಲಿಯೇ ತೀರಿಕೊಂಡ. ಅದೇ ಬೇಸಿಗೆಯಲ್ಲಿ ಹೊಸ ಸ್ನೇಹಕ್ಕೆ ಮೊದಲ ಪರೀಕ್ಷೆ ಬಂತು. 1801ರಲ್ಲಿ ಜೆಫರ್ಸನ್ ಮೂರನೆಯವನೊಬ್ಬನಿಗೆ ಬರೆದಿದ್ದ, ಆಡಮ್ಸ್‌ನನ್ನು ಟೀಕಿಸುವ ಪತ್ರವೊಂದು ಪುಸ್ತಕವಾಗಿ ಹೊರಬಂದು ಆಡಮ್ಸ್‌ನ ಕೈಗೆ ಸಿಕ್ಕಿತು. ಅವನು ಪತ್ರದ ಮೇಲೆ ಪತ್ರ ಬರೆದು ವಿವರಣೆ ಕೇಳಿದ. ಜೆಫರ್ಸನ್ ವಿವರಿಸಿದ, ಆದರೆ ಹಳೆಯ ರಾಜಕೀಯದ ಕಾಳಗವನ್ನು ಮತ್ತೆ ಹೂಡಲಾರೆ ಎಂದ. ನಾವು ಒಬ್ಬರಿಗೊಬ್ಬರು ನಮ್ಮನ್ನು ವಿವರಿಸಿಕೊಳ್ಳದೆ ಸಾಯಬಾರದು ಎಂಬುದು ಆಡಮ್ಸ್‌ನ ನಿಲುವು. ಕೆಲವನ್ನು ವಿವರಿಸದಿರುವುದೇ ಲೇಸೆಂಬುದು ಜೆಫರ್ಸನ್‌ನದು. ಇಬ್ಬರೂ ತಮ್ಮ ಸ್ವಭಾವ ಬಿಡಲಿಲ್ಲ, ಪತ್ರವನ್ನೂ ನಿಲ್ಲಿಸಲಿಲ್ಲ. ಆ ಜುಲೈಯಲ್ಲಿ ಗಂಡನ ಪತ್ರದ ಅಡಿಯಲ್ಲಿ ಅಬಿಗೇಲ್ ಎರಡು ಸಾಲು ಸೇರಿಸಿದಳು. ಜೆಫರ್ಸನ್ ಆಗಸ್ಟ್ 22ರಂದು ಆಕೆಗೆ ಸ್ನೇಹದಿಂದ ಬರೆದ. ಅದು ತಲುಪುವ ವೇಳೆಗೆ ಆಕೆ ತನ್ನ ಒಬ್ಬಳೇ ಮಗಳನ್ನು ಕ್ಯಾನ್ಸರಿಗೆ ಕಳೆದುಕೊಂಡು ದುಃಖದಲ್ಲಿದ್ದಳು. ಪಾಲಿಗಾಗಿ ಬರೆದಿದ್ದವಳು ಈಗ ತನ್ನ ಮಗಳ ಸಾವನ್ನು ಅವನಿಗೆ ತಿಳಿಸಿದಳು. ಈ ಬಾರಿ ಯಾರೂ ಹಳೆಯ ಲೆಕ್ಕ ತೆಗೆಯಲಿಲ್ಲ.

ಒಂದು ಮಾತನ್ನು ಹೇಳದೆ ಬಿಟ್ಟರೆ ಇತಿಹಾಸದ ಮೇಷ್ಟರೆನಿಸಿಕೊಳ್ಳಲು ನಾನು ಅರ್ಹನಲ್ಲ. ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಆಡಮ್ಸ್ ಒಬ್ಬ ಗುಲಾಮನನ್ನೂ ಇಟ್ಟುಕೊಂಡವನಲ್ಲ. ಧರ್ಮ, ಗ್ರೀಕ್ ಭಾಷೆ, ಮುಪ್ಪು, ನೆಪೋಲಿಯನ್ ಎಲ್ಲವನ್ನೂ ಚರ್ಚಿಸಿದ ಇವರು ಈ ವಿಷಯವನ್ನು ಬಹುಮಟ್ಟಿಗೆ ಮುಟ್ಟಲೇ ಇಲ್ಲ. 1821ರಲ್ಲಿ ಆಡಮ್ಸ್ ಅದನ್ನು ಐವತ್ತು ವರ್ಷಗಳಿಂದ ದೇಶದ ಮೇಲೆ ಕವಿದಿರುವ ಕಪ್ಪು ಮೋಡವೆಂದ. ಆದರೆ ನಿಮ್ಮ ದಕ್ಷಿಣದವರಿಗೇ ಬಿಡುತ್ತೇನೆಂದು ಹಿಂದೆ ಸರಿದ. ಸ್ನೇಹ ಉಳಿಸಿಕೊಳ್ಳಲು ತೆತ್ತ ಬೆಲೆಯಿದು, ಮತ್ತು ಆ ಬೆಲೆಯನ್ನು ತೆತ್ತವರು ಅವರಿಬ್ಬರಲ್ಲ.

1818ರ ಅಕ್ಟೋಬರ್ 28ರಂದು ಅಬಿಗೇಲ್ ತೀರಿಕೊಂಡಳು. ಜೆಫರ್ಸನ್ ಬರೆದ ಸಾಂತ್ವನ ಚಿಕ್ಕದು. ಇಂಥ ದುಃಖವನ್ನು ನಾನೂ ಉಂಡವನು, ಕಾಲ ಮತ್ತು ಮೌನವಲ್ಲದೆ ಬೇರೆ ಔಷಧವಿಲ್ಲ ಎಂಬರ್ಥದ್ದು. ಇನ್ನೊಂದು ಪರೀಕ್ಷೆ 1823ರಲ್ಲಿ. ಮಾತು ಬಿಟ್ಟಿದ್ದ ಕಾಲದಲ್ಲಿ ಆಡಮ್ಸ್ ಪರಿಚಿತನೊಬ್ಬನಿಗೆ ಜೆಫರ್ಸನ್ ಬಗ್ಗೆ ಕಟುವಾಗಿ ಬರೆದಿದ್ದ ಪತ್ರಗಳನ್ನು ಅವನ ಮಗ ಅಚ್ಚುಹಾಕಿಸಿದ. ಎಂಬತ್ತೆಂಟು ಮುಟ್ಟುತ್ತಿದ್ದ, ಕಣ್ಣು ಕಾಣದ ಮುದುಕ ತಳಮಳಿಸುತ್ತಿರುವಾಗ ಜೆಫರ್ಸನ್‌ನ ಪತ್ರವೇ ಮುಂದಾಗಿ ಬಂತು: ಅರ್ಧ ಶತಮಾನದ ಸ್ನೇಹದ ದಿಂಬಿನ ಕೆಳಗೆ ಮುಳ್ಳಿಡಲು ಬರುವವರಿಗೆ ನಾವು ಎಡೆಗೊಡುವುದು ಬೇಡ, ಇದನ್ನು ನಿನ್ನ ಮನಸ್ಸಿನಿಂದ ತೆಗೆದುಹಾಕು ಎಂದು. ಆಡಮ್ಸ್ ಅದನ್ನು ಬೆಳಗಿನ ಉಪಾಹಾರದ ಹೊತ್ತಿಗೆ ಮನೆಯವರಿಗೆಲ್ಲ ಕೇಳಿಸುವಂತೆ ಓದಿಸಿದ. ಉತ್ತರದ ಕೊನೆಗೆ, ಎಂಬತ್ತೊಂಬತ್ತನೆಯ ವರ್ಷದಲ್ಲಿದ್ದೇನೆ, ಬಹುಕಾಲ ಬಾಳಲಾರದಷ್ಟು ದಪ್ಪಗಿದ್ದೇನೆ ಎಂದು ಸಹಿಯ ಕೆಳಗೆ ಬರೆಸಿದ. 1796ರಲ್ಲಿ ತಡೆಹಿಡಿದ ಪತ್ರದಲ್ಲಿದ್ದುದೂ ಬಹುಮಟ್ಟಿಗೆ ಇದೇ ಮಾತು. ಈ ಸಲ ಮಧ್ಯದಲ್ಲಿ ಮ್ಯಾಡಿಸನ್ ಇರಲಿಲ್ಲ.

ಇಬ್ಬರೂ 1826ರ ಜುಲೈ 4ರಂದು, ಘೋಷಣೆಯ ಸುವರ್ಣೋತ್ಸವದ ದಿನವೇ, ಜೆಫರ್ಸನ್ ಮಧ್ಯಾಹ್ನ, ಆಡಮ್ಸ್ ಸಂಜೆ, ತೀರಿಕೊಂಡರು. ರಶ್‌ನ ಕನಸನ್ನು ನೆನೆದು ಮೈ ಜುಮ್ಮೆನ್ನುವುದು ಸಹಜ. ಪುಸ್ತಕಗಳೆಲ್ಲ ಇದನ್ನೇ ಮುಂದಿಡುತ್ತವೆ. ನನಗೆ ಅದಕ್ಕಿಂತ ಹಿಡಿಸಿದ್ದು ಕೊನೆಯ ಎರಡು ಪತ್ರಗಳು. ಹೊಸ ಸ್ನೇಹದ ಆ ಹದಿನಾಲ್ಕು ವರ್ಷಗಳಲ್ಲಿ ಅವರು ಒಮ್ಮೆಯೂ ಮುಖತಃ ಭೇಟಿಯಾಗಲಿಲ್ಲ. ಮಾರ್ಚ್ 25ರಂದು ಜೆಫರ್ಸನ್, ನನ್ನ ಮೊಮ್ಮಗ ಬಾಸ್ಟನ್ ಕಡೆ ಬರುತ್ತಿದ್ದಾನೆ, ನಿನ್ನನ್ನು ಕಾಣದೆ ಮರಳಿದರೆ ಅವನಿಗೆ ಏನನ್ನೂ ಕಂಡಂತಾಗದು, ಮುದುಕನಾದಾಗ ಚಳಿಗಾಲದ ರಾತ್ರಿಗಳಲ್ಲಿ ಹೇಳಿಕೊಳ್ಳಲು ಅವನಿಗೊಂದು ಕಥೆ ಬೇಕು, ದಯಮಾಡಿ ದರ್ಶನ ಕೊಡು ಎಂದು ಬರೆದ. ಹುಡುಗ ಹೋದ, ಕಂಡ. ಏಪ್ರಿಲ್ 17ರಂದು ಆಡಮ್ಸ್ ಉತ್ತರ ಬರೆಸಿದ: ವರ್ಜೀನಿಯದವರಾದ ನೀವೆಲ್ಲ ಬೈಬಲ್ಲಿನ ದೈತ್ಯಕುಲದವರೇನು, ನಿನ್ನ ಮೊಮ್ಮಗನ ಪಕ್ಕದಲ್ಲಿ ನಮ್ಮೂರಿನವರು ಕುಬ್ಜರಂತೆ ಕಾಣುತ್ತಾರಲ್ಲ.